ಅಲೆಯುವ ಮನಸ್ಸಿಗೆ ಅಂಕ ಹಾಕಬೇಡಿ

ವೀಕ್ಷಕರೆಲ್ಲರಿಗೂ ನಮಸ್ಕಾರ. ಗಮನವನ್ನೂ ಗಮನ ತಪ್ಪುವುದನ್ನೂ ವಸ್ತುವಾಗಿ ಇಟ್ಟುಕೊಂಡು ರಚಿಸುವ ಪ್ರದರ್ಶನಗಳ ಬಗ್ಗೆ ಇಂದು ಮಾತನಾಡುತ್ತೇನೆ. ಇಂಥ ಪ್ರದರ್ಶನದಲ್ಲಿ ನೋಡುಗರು ದೂರ ನಿಂತು ನೋಡಿ ಹೊರಟುಹೋಗುವುದಿಲ್ಲ. ಬೆಳಕು, ಸದ್ದು, ಸ್ಪರ್ಶಗಳ ನಡುವೆ ಕುಳಿತು ಅಥವಾ ಓಡಾಡಿ, ತಮ್ಮ ಮನಸ್ಸು ಆ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದನ್ನು ತಾವೇ ಗಮನಿಸುತ್ತಾರೆ. ಕಲಾವಿದರು, ನರವಿಜ್ಞಾನಿಗಳು, ವಿನ್ಯಾಸಕಾರರು ಒಟ್ಟಾಗಿ ಇಂಥವನ್ನು ಕಟ್ಟುತ್ತಿರುವುದು ನನಗೆ ಬಹಳ ಸಂತೋಷದ ವಿಷಯ. ಆದರೆ ಇವುಗಳಲ್ಲಿ ಅನೇಕವು ಮನಸ್ಸು ಅಲೆಯುವುದನ್ನು ಒಂದು ಕೊರತೆಯೆಂದೇ ಎಣಿಸಿ, ಅದನ್ನು ಅಳೆದು, ಅಳೆದದ್ದಕ್ಕೆ ಅಂಕ ಕೊಟ್ಟು ಕಳುಹಿಸುತ್ತವೆ. ನನ್ನ ತಕರಾರು ಇರುವುದು ಅಲ್ಲಿ. ಮನಸ್ಸು ಎಲ್ಲಿಗೋ ಹೋಗಿತ್ತು ಎಂಬುದು ಆ ಮನಸ್ಸಿನ ಒಡೆಯರಿಗೇ ಅರಿವಾಗುವ ಒಂದು ಗಳಿಗೆ ಇದೆಯಲ್ಲ, ಆ ಗಳಿಗೆಯನ್ನು ಸಾಧ್ಯವಾಗಿಸುವುದೇ ಇಂಥ ವಿನ್ಯಾಸದ ಕೆಲಸ ಎಂದು ನಾನು ನಂಬಿದ್ದೇನೆ.

ಮಾರುಕಟ್ಟೆಯಲ್ಲಿ ಈಗ ಹಣೆಗೆ ಕಟ್ಟಿಕೊಳ್ಳುವ ಪಟ್ಟಿಗಳು ಸಿಗುತ್ತವೆ. ಅವು ಮೆದುಳಿನ ವಿದ್ಯುತ್ ಅಲೆಗಳನ್ನು ಹಿಡಿದು ಮೊಬೈಲಿಗೆ ಕಳುಹಿಸುತ್ತವೆ. ಮನಸ್ಸು ಶಾಂತವಾಗಿದೆ ಎಂದು ಯಂತ್ರಕ್ಕೆ ತೋರಿದರೆ ಕಿವಿಯಲ್ಲಿ ಹಕ್ಕಿಗಳ ಚಿಲಿಪಿಲಿ ಕೇಳಿಸುತ್ತದೆ, ಚಂಚಲವಾಗಿದೆ ಎಂದು ತೋರಿದರೆ ಬಿರುಗಾಳಿಯೇಳುತ್ತದೆ, ಕೊನೆಗೆ ಇಷ್ಟು ಹೊತ್ತು ಶಾಂತವಾಗಿದ್ದಿರಿ ಎಂಬ ಲೆಕ್ಕ ಬರುತ್ತದೆ. ಇದೇ ಮಾದರಿಯನ್ನು ಪ್ರದರ್ಶನಾಲಯಗಳ ಗೋಡೆಗಳಿಗೂ ತಂದು, ಒಬ್ಬರ ಏಕಾಗ್ರತೆ ಹೆಚ್ಚಿದಂತೆ ದೀಪ ಪ್ರಜ್ವಲಿಸುವ, ತಗ್ಗಿದಂತೆ ಮಂಕಾಗುವ ರಚನೆಗಳನ್ನು ಮಾಡುತ್ತಾರೆ. ಅಲ್ಲಿ ಕುಳಿತವರಿಗೆ ಆಗುವುದೇನು ಎಂದು ಸ್ವಲ್ಪ ಯೋಚಿಸಿ. ಹಕ್ಕಿ ಕೂಗಿದ ತಕ್ಷಣ ಗೆದ್ದೆನೆಂಬ ಭಾವ ಬರುತ್ತದೆ, ಮರುಕ್ಷಣವೇ ಇನ್ನೊಂದು ಹಕ್ಕಿ ಯಾವಾಗ ಕೂಗೀತು ಎಂದು ಮನಸ್ಸು ಕಾಯತೊಡಗುತ್ತದೆ, ಉಸಿರಿನ ಮೇಲಿರಬೇಕಿದ್ದ ಗಮನ ಬಹುಮಾನದ ಮೇಲೆ ಹೋಗಿ ಕೂರುತ್ತದೆ.

ವಿಜ್ಞಾನದ ದೃಷ್ಟಿಯಿಂದಲೂ ಈ ಅಂಕಕ್ಕೆ ಗಟ್ಟಿಯಾದ ಆಧಾರವಿಲ್ಲ. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯರ ಮೆದುಳಿನ ವಿದ್ಯುತ್ ಅಲೆಗಳ ಬಗ್ಗೆ ಮೊದಲ ಬಾರಿಗೆ ಪ್ರಕಟಿಸಿದಾಗ ಎದ್ದು ಕಂಡದ್ದು ಆಲ್ಫಾ ಎಂಬ ಅಲೆ. ಸೆಕೆಂಡಿಗೆ ಸುಮಾರು 8ರಿಂದ 13 ಬಾರಿ ಏರಿಳಿಯುವ ಇದು ಕಣ್ಣು ಮುಚ್ಚಿದ ಮಾತ್ರಕ್ಕೇ ಬಲಗೊಳ್ಳುತ್ತದೆ. ಧ್ಯಾನದಲ್ಲಿ ಮುಳುಗಿದವರಲ್ಲೂ ಅದು ಹೆಚ್ಚಬಹುದು, ಹಗಲುಗನಸಿನಲ್ಲಿ ತೇಲುತ್ತಿರುವವರಲ್ಲೂ ಹೆಚ್ಚಬಹುದು. ಹಣೆಯ ಮೇಲಿನ ಕೆಲವೇ ಸಂವೇದಕಗಳಿಗೆ ಹುಬ್ಬು ಗಂಟಿಕ್ಕಿದ್ದು, ದವಡೆ ಬಿಗಿದದ್ದು ಕೂಡ ಸಂಕೇತವಾಗಿ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಬೆರೆತುಹೋದ ಸಂಕೇತವನ್ನು ಒಂದು ಸಂಖ್ಯೆಗೆ ಇಳಿಸಿ ‘ಇದೇ ನಿಮ್ಮ ಏಕಾಗ್ರತೆ’ ಎಂದು ಒಬ್ಬರ ಕೈಗಿಡುವುದು ನನಗೆ ಪ್ರಾಮಾಣಿಕವಾಗಿ ಕಾಣುವುದಿಲ್ಲ.

ಇದೇ ಆಲ್ಫಾ ಅಲೆಯನ್ನು ಬೇರೊಂದು ರೀತಿಯಲ್ಲಿ ಬಳಸಿದವರಿದ್ದಾರೆ. 1965ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ರೋಸ್ ಕಲಾ ಸಂಗ್ರಹಾಲಯದಲ್ಲಿ ಆಲ್ವಿನ್ ಲೂಸಿಯರ್ ಎಂಬ ಸಂಗೀತಗಾರರು ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿಕೊಂಡು, ಕಣ್ಣು ಮುಚ್ಚಿ, ಸಭಿಕರ ಎದುರಿಗೆ ಒಂದು ಕುರ್ಚಿಯಲ್ಲಿ ಸುಮ್ಮನೆ ಕುಳಿತರು. ಉಪಕರಣ ಒದಗಿಸಿದ್ದವರು ಭೌತವಿಜ್ಞಾನಿ ಎಡ್ಮಂಡ್ ಡೀವನ್. ಆಲ್ಫಾ ಅಲೆಯ ಕಂಪನ ಮನುಷ್ಯರ ಕಿವಿಗೆ ಕೇಳಿಸದಷ್ಟು ನಿಧಾನವಾದದ್ದು. ಆದ್ದರಿಂದ ಅದನ್ನು ವರ್ಧಿಸಿ ಸ್ಪೀಕರುಗಳಿಗೆ ಹಾಯಿಸಿದಾಗ, ಸ್ಪೀಕರಿನ ಪೊರೆ ಅದುರಿ, ಪಕ್ಕದಲ್ಲಿಟ್ಟಿದ್ದ ನಗಾರಿ, ಜಾಗಟೆ, ತಾಳಗಳನ್ನು ನಡುಗಿಸಿತು. ಮುಟ್ಟುವವರಿಲ್ಲದೆ ವಾದ್ಯಗಳು ಮೊಳಗಿದವು. ಈ ಕೃತಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಅದರ ಒಳಗಿನ ಇಕ್ಕಟ್ಟು: ಸದ್ದು ಹುಟ್ಟಿಸಬೇಕೆಂದು ಪ್ರಯತ್ನಪಟ್ಟರೆ, ಕಣ್ಣು ತೆರೆದರೆ, ಮನಸ್ಸಿನಲ್ಲಿ ಏನನ್ನಾದರೂ ಚಿತ್ರಿಸಿಕೊಂಡರೆ ಅಲೆ ಕುಗ್ಗುತ್ತದೆ, ವಾದ್ಯಗಳು ಮೌನವಾಗುತ್ತವೆ. ಕೇಳುವವರಿಗೆ ಮೊಳಗೂ ಮೌನವೂ ಒಂದೇ ಕೃತಿಯ ಭಾಗ. ಮೌನ ಬಂದಾಗ ಕಲಾವಿದರು ಸೋತರೆಂದು ಯಾರೂ ಎಣಿಸುವುದಿಲ್ಲ, ಏಕೆಂದರೆ ಅಲ್ಲಿ ಗುರಿಯ ಗೆರೆಯನ್ನೇ ಎಳೆದಿಲ್ಲ.

ಗುರಿಯ ಗೆರೆ ಬೇಡವೆಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ವಯಸ್ಕರನ್ನು ಮೊಬೈಲ್ ಮೂಲಕ ದಿನದ ಬೇರೆಬೇರೆ ಹೊತ್ತಿನಲ್ಲಿ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ’ ಎಂದು ಕೇಳಿದರು. ಶೇ. 46.9ರಷ್ಟು ಉತ್ತರಗಳಲ್ಲಿ ಮನಸ್ಸು ಬೇರೆಲ್ಲೋ ಇತ್ತು. ಪ್ರಣಯವೊಂದನ್ನು ಬಿಟ್ಟರೆ ಉಳಿದ ಯಾವ ಚಟುವಟಿಕೆಯಲ್ಲೂ ಈ ಪ್ರಮಾಣ ಶೇ. 30ಕ್ಕಿಂತ ಕೆಳಗಿಳಿಯಲಿಲ್ಲ. ಮನಸ್ಸು ಅಲೆದಾಗ ಜನ ಅಷ್ಟಾಗಿ ಸಂತೋಷದಿಂದಿರುವುದಿಲ್ಲ ಎಂಬ ಅವರ ನಿರ್ಣಯವೇ ಹೆಚ್ಚು ಪ್ರಚಾರ ಪಡೆಯಿತು. ಮನಸ್ಸು ಎಲ್ಲಿಗೆ ಹೋಗಿತ್ತು, ಏನನ್ನು ನೆನೆಯುತ್ತಿತ್ತು ಎಂಬುದರ ಮೇಲೆ ಬಹಳಷ್ಟು ನಿಂತಿದೆ ಎಂದು ಆಮೇಲಿನ ಸಂಶೋಧಕರು ತೋರಿಸಿದ್ದು ಅಷ್ಟು ಪ್ರಚಾರವಾಗಲಿಲ್ಲ. ಇನ್ನು ಮೆದುಳಿನ ಲೆಕ್ಕವನ್ನೇ ನೋಡಿ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ದೇಹದ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಬಳಸುತ್ತದೆ, ಮತ್ತು ಕೈಯಲ್ಲಿ ಯಾವ ಕೆಲಸವೂ ಇಲ್ಲದಾಗ ಆ ಬಳಕೆ ಹೇಳಿಕೊಳ್ಳುವಷ್ಟು ಇಳಿಯುವುದೇ ಇಲ್ಲ. ಹೊರಗಿನ ಕೆಲಸ ನಿಂತಾಗ ಚುರುಕಾಗುವ ಭಾಗಗಳ ಒಂದು ಜಾಲವೇ ಇದೆಯೆಂದು ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಿಂದ ಈಚೆಗೆ ವಿವರಿಸಿದ್ದಾರೆ. ಹಳೆಯದನ್ನು ನೆನೆಯುವುದು, ನಾಳೆಯನ್ನು ಊಹಿಸುವುದು, ಇನ್ನೊಬ್ಬರ ಮನಸ್ಸಿನಲ್ಲಿ ಏನಿರಬಹುದೆಂದು ಲೆಕ್ಕ ಹಾಕುವುದು, ಇವೆಲ್ಲ ಆ ಜಾಲದೊಂದಿಗೆ ಹೆಣೆದುಕೊಂಡಿವೆ. ನಮ್ಮ ಎಚ್ಚರದ ಹೆಚ್ಚುಕಡಿಮೆ ಅರ್ಧವನ್ನು ಆವರಿಸಿರುವ ಒಂದು ಸ್ಥಿತಿಯನ್ನು ಬರೀ ದೋಷವೆಂದು ಕರೆಯುವ ಪ್ರದರ್ಶನವು ಮನುಷ್ಯರ ಅರ್ಧ ಬಾಳನ್ನೇ ಬಾಗಿಲ ಹೊರಗೆ ನಿಲ್ಲಿಸಿದಂತೆ.

ಹಾಗಾದರೆ ಏನನ್ನು ವಿನ್ಯಾಸಗೊಳಿಸಬೇಕು? ಓದುವಾಗ ಮನಸ್ಸು ಅಲೆಯುವುದರ ಮೇಲೆ ಮನಶ್ಶಾಸ್ತ್ರಜ್ಞ ಜೊನಾಥನ್ ಸ್ಕೂಲರ್ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳಲ್ಲಿ ಇದಕ್ಕೆ ದಾರಿ ಇದೆ. ಮನಸ್ಸು ಪುಟದಿಂದ ಆಚೆ ಹೋದದ್ದು ಅರಿವಾದಾಗಲೆಲ್ಲ ಒಂದು ಗುಂಡಿ ಒತ್ತುವಂತೆ ಅವರು ಓದುಗರಿಗೆ ಹೇಳುತ್ತಿದ್ದರು. ಜೊತೆಗೆ ನಡುನಡುವೆ ತಾವೇ ತಡೆದು ಕೇಳುತ್ತಿದ್ದರು. ಹಾಗೆ ತಡೆದಾಗ ಎಷ್ಟೋ ಸಲ ಓದುಗರ ಮನಸ್ಸು ಬೇರೆಲ್ಲೋ ಇರುತ್ತಿತ್ತು, ಆದರೆ ಅವರು ಗುಂಡಿ ಒತ್ತಿರುತ್ತಿರಲಿಲ್ಲ, ಏಕೆಂದರೆ ಹೋದದ್ದು ಅವರಿಗೇ ತಿಳಿದಿರಲಿಲ್ಲ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಲೇ ಇತ್ತು. ಅಲೆಯುವುದು ಮತ್ತು ಅಲೆದದ್ದು ತಿಳಿಯುವುದು, ಇವೆರಡರ ನಡುವಿನ ಈ ಅಂತರವೇ ಕಲಾವಿದರಿಗೂ ವಿನ್ಯಾಸಕಾರರಿಗೂ ಸಿಕ್ಕಿರುವ ನಿಜವಾದ ಕ್ಷೇತ್ರ. ನಡುವೆ ತಡೆದು ಎಚ್ಚರಿಸುವ ಒಂದು ಸದ್ದು, ಬೆಳಕಿನ ಒಂದು ಬದಲಾವಣೆ, ಬೆರಳಿಗೆ ತಾಗುವ ಒಂದು ಉಬ್ಬು ಇಲ್ಲಿ ಸಾಕಾಗುತ್ತದೆ.

ಬೆರಳಿಗೆ ತಾಗುವ ಉಬ್ಬು ಎಂದಾಗ ನನ್ನ ಕಣ್ಣ ಮುಂದೆ ಬರುವುದು ಜಪಮಾಲೆ. ನೂರೆಂಟು ಮಣಿಗಳು, ಅವುಗಳಾಚೆಗೆ ಒಂದು ಮೇರುಮಣಿ. ಹೆಬ್ಬೆರಳು ಒಂದೊಂದೇ ಮಣಿಯನ್ನು ಸರಿಸುತ್ತಿರುತ್ತದೆ, ನಾಲಿಗೆ ನಾಮವನ್ನು ನುಡಿಯುತ್ತಿರುತ್ತದೆ, ಮನಸ್ಸು ಮಾತ್ರ ಮಗಳ ಮದುವೆಯ ಖರ್ಚನ್ನೋ ನಿನ್ನೆಯ ಜಗಳವನ್ನೋ ಹಿಡಿದು ಹೊರಟಿರುತ್ತದೆ. ಮೇರುಮಣಿ ತಾಗುತ್ತದೆ. ಅದನ್ನು ದಾಟಬಾರದೆಂಬ ನಿಯಮವಿರುವುದರಿಂದ ಕೈ ನಿಲ್ಲಲೇಬೇಕು, ಮಾಲೆಯನ್ನು ತಿರುಗಿಸಿಕೊಳ್ಳಲೇಬೇಕು, ಆ ತಿರುಗಿಸುವಿಕೆಯಲ್ಲಿ ಮನಸ್ಸೂ ತಾನೆಲ್ಲಿದ್ದೆನೆಂದು ತಿಳಿದು ಹಿಂತಿರುಗುತ್ತದೆ. ಮಾಲೆ ಯಾರನ್ನೂ ಗದರುವುದಿಲ್ಲ, ಎಷ್ಟು ಹೊತ್ತು ಅಲೆದಿರಿ ಎಂದು ಲೆಕ್ಕ ಒಪ್ಪಿಸುವುದಿಲ್ಲ. ಸ್ಪರ್ಶದಿಂದ ಮಾತ್ರ ನಡೆಯುವ, ತೆರೆಯಿಲ್ಲದ, ವಿದ್ಯುತ್ತು ಬೇಡದ ಇಂಥ ವಸ್ತುವನ್ನು ಇಂದಿನ ವಿನ್ಯಾಸ ಶಾಲೆಗಳಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟು ಅಭ್ಯಾಸ ಮಾಡಿಸಬೇಕು ಎಂಬುದು ನನ್ನ ಗಂಭೀರವಾದ ಸಲಹೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಗದ್ದಲದ್ದು. ಎಂಟು ಮಂದಿ ಒಡ್ಡುವ ಸವಾಲುಗಳನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನ ನೋಡಿದವರಿಗೆ ಗೊತ್ತಿದೆ: ವೇದಿಕೆಯ ಮೇಲೆ ಅವಧಾನಿಗಳ ಸುತ್ತ ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕುಳಿತಿರುತ್ತಾರೆ. ಒಬ್ಬರು ಪದ್ಯದ ಪ್ರತಿ ಹೆಜ್ಜೆಯಲ್ಲೂ ಮುಂದಿನ ಅಕ್ಷರವನ್ನು ನಿಷೇಧಿಸುತ್ತಾರೆ, ಒಬ್ಬರು ಪದ್ಯದ ಒಂದು ಸಾಲನ್ನು ಕೊಟ್ಟು ಉಳಿದದ್ದನ್ನು ಪೂರ್ಣಗೊಳಿಸುವ ಸಮಸ್ಯೆ ಒಡ್ಡುತ್ತಾರೆ, ಇನ್ನೊಬ್ಬರು ಮಾಯಾಚೌಕದ ಒಂದೊಂದು ಮನೆಗೆ ಬರಬೇಕಾದ ಸಂಖ್ಯೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೇಳುತ್ತಾರೆ. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗಿಗಳೆಂಬ ಒಬ್ಬರಿರುತ್ತಾರೆ. ಅವಧಾನಿಗಳು ಪದ್ಯದ ಒಂದು ಪಾದವನ್ನು ಕಟ್ಟುತ್ತಿರುವಾಗಲೇ ಸಂಬಂಧವಿಲ್ಲದ ಪ್ರಶ್ನೆಯೊಂದನ್ನು ಎಸೆದು ಗಮನ ಕೆಡಿಸುವುದೇ ಅವರಿಗೆ ಒಪ್ಪಿಸಿದ ಕೆಲಸ. ಸಭೆ ನಗುತ್ತದೆ, ಅವಧಾನಿಗಳು ಚಮತ್ಕಾರದ ಉತ್ತರ ಕೊಟ್ಟು ಪದ್ಯದ ಪಾದಕ್ಕೆ ಮರಳುತ್ತಾರೆ, ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸುತ್ತಾರೆ. ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲೇ, ನೂರು ಪೃಚ್ಛಕರನ್ನು ಎದುರಿಸುವ ಶತಾವಧಾನವನ್ನು ನಡೆಸಿದ್ದು ನಮ್ಮ ಕಾಲದಲ್ಲೇ. ಗಮನ ಕೆಡಿಸುವವರನ್ನು ಹೊರಗಿಡದೆ, ಅವರಿಗೆ ವೇದಿಕೆಯ ಮೇಲೆ ಆಸನವನ್ನೂ ಹೆಸರನ್ನೂ ಕೊಟ್ಟಿರುವುದು ಅಸಾಧಾರಣ ಬುದ್ಧಿವಂತಿಕೆ ಎಂದು ನನಗೆ ಅನಿಸುತ್ತದೆ. ಗಮನ ಹೇಗೆ ಹೊರಡುತ್ತದೆ, ಹೇಗೆ ಹಿಂತಿರುಗುತ್ತದೆ ಎಂಬ ಎರಡನ್ನೂ ಸಭೆ ಪ್ರತ್ಯಕ್ಷ ಕಾಣುತ್ತದೆ.

ಇದಕ್ಕೆ ತದ್ವಿರುದ್ಧವಾದ ದಾರಿ ಪ್ರದರ್ಶನ ಕಲಾವಿದೆ ಮರೀನಾ ಅಬ್ರಾಮೊವಿಚ್ ಅವರದು. 2015ರಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಆರ್ಮರಿ ಎಂಬ ಕಲಾಕೇಂದ್ರದಲ್ಲಿ ಅವರು ರೂಪಿಸಿದ ಕಾರ್ಯಕ್ರಮದಲ್ಲಿ, ಪಿಯಾನೊ ವಾದಕ ಇಗೋರ್ ಲೆವಿಟ್ ಸಂಗೀತ ರಚನಕಾರ ಬಾಖ್‌ನ ಗೋಲ್ಡ್‌ಬರ್ಗ್ ರಚನೆಗಳನ್ನು ನುಡಿಸುವ ಮೊದಲು, ಬಂದವರೆಲ್ಲ ಮೊಬೈಲನ್ನೂ ಕೈಗಡಿಯಾರವನ್ನೂ ಲಾಕರಿನಲ್ಲಿ ಇಟ್ಟು, ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ ಮೌನವಾಗಿ ಕುಳಿತಿರಬೇಕಾಗಿತ್ತು. ಆ ಅರ್ಧ ಗಂಟೆಯನ್ನು ನಾನು ಮೆಚ್ಚುತ್ತೇನೆ. ಆದರೆ ಮೊಬೈಲ್ ತೆಗೆದರೆ ಗಮನ ತಾನಾಗಿ ಮರಳುತ್ತದೆ ಎಂದು ನಂಬಲಾರೆ. ಜೇಬು ಖಾಲಿಯಾದರೂ ತಲೆ ಖಾಲಿಯಾಗುವುದಿಲ್ಲ. ಆ ಮೌನದಲ್ಲಿ ಪ್ರತಿಯೊಬ್ಬರ ಒಳಗೆ ನಡೆದದ್ದೇ ಅಲ್ಲಿನ ಮುಖ್ಯ ಘಟನೆ, ಅದನ್ನು ಹೇಳಿಕೊಳ್ಳಲು ಒಂದು ಜಾಗವೂ ಇರಬೇಕಿತ್ತು.

ಅಂಥ ಜಾಗವನ್ನು ಒದಗಿಸಿದ್ದು 2022ರಲ್ಲಿ ಬ್ರಿಟನ್ನಿನ ಲಂಡನ್, ಕಾರ್ಡಿಫ್, ಬೆಲ್‌ಫಾಸ್ಟ್, ಎಡಿನ್‌ಬರೋ ನಗರಗಳಲ್ಲಿ ನಡೆದ ಡ್ರೀಮ್‌ಮಷೀನ್ ಎಂಬ ಮಿನುಗು ಬೆಳಕಿನ ಪ್ರದರ್ಶನ. ಇದರ ಮೂಲ ಹಳೆಯದು. 1950ರ ದಶಕದ ಕೊನೆಯಲ್ಲಿ ಬ್ರಯಾನ್ ಗೈಸಿನ್ ಎಂಬ ಕಲಾವಿದರು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾಗ, ಸಾಲುಮರಗಳ ಸಂದಿಯಿಂದ ಬಿಸಿಲು ಮಿನುಗಿ ರೆಪ್ಪೆಯ ಹಿಂದೆ ಬಣ್ಣಗಳು ಎದ್ದವು. ಅವರು ಇಯಾನ್ ಸೋಮರ್‌ವಿಲ್ ಜೊತೆ ಸೇರಿ, ಕಿಂಡಿ ಕೊರೆದ ಸಿಲಿಂಡರನ್ನು ಗ್ರಾಮಫೋನಿನ ತಿರುಗುತಟ್ಟೆಯ ಮೇಲೆ ಇಟ್ಟು ನಡುವೆ ದೀಪ ಇಳಿಬಿಟ್ಟು ಅದೇ ಮಿನುಗನ್ನು ಹುಟ್ಟಿಸಿದರು. 2022ರ ರೂಪದಲ್ಲಿ ಜಾನ್ ಹಾಪ್ಕಿನ್ಸ್ ಅವರ ಸಂಗೀತ, ನರವಿಜ್ಞಾನಿ ಅನಿಲ್ ಸೇಠ್ ಮತ್ತು ತತ್ತ್ವಶಾಸ್ತ್ರಜ್ಞೆ ಫಿಯೋನಾ ಮ್ಯಾಕ್‌ಫರ್ಸನ್ ಅವರ ಸಹಯೋಗ ಇತ್ತು. ಜನ ವೃತ್ತಾಕಾರದಲ್ಲಿ ಒರಗಿ, ಕಣ್ಣು ಮುಚ್ಚಿ, ಮಿನುಗುವ ಬಿಳಿ ಬೆಳಕಿಗೆ ಮುಖವೊಡ್ಡಿದರು. ಬೆಳಕು ಬರೀ ಬಿಳಿ, ಬಣ್ಣ ಮತ್ತು ಆಕೃತಿಗಳೆಲ್ಲ ಅವರವರ ಮೆದುಳಿನದು. ಇಂಥ ಮಿನುಗು ಅಪಸ್ಮಾರ ಇರುವ ಕೆಲವರಿಗೆ ಅಪಾಯಕಾರಿಯಾದ್ದರಿಂದ ಅದಿಲ್ಲದ ಇನ್ನೊಂದು ಆವೃತ್ತಿಯನ್ನೂ ಇಟ್ಟಿದ್ದರು. ಮುಗಿದ ಮೇಲೆ ಯಾರನ್ನೂ ಅವಸರದಿಂದ ಹೊರಗೆ ಕಳುಹಿಸಲಿಲ್ಲ. ಕುಳಿತು ಕಂಡದ್ದನ್ನು ಚಿತ್ರಿಸಲು, ಪಕ್ಕದವರೊಂದಿಗೆ ಮಾತನಾಡಲು ಪ್ರತ್ಯೇಕ ಜಾಗವಿತ್ತು. ಇಬ್ಬರು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ, ಒಂದೇ ಬೆಳಕಿನಡಿ ಮಲಗಿದ್ದ ತಾವು ಬೇರೆಬೇರೆ ಲೋಕಗಳಲ್ಲಿದ್ದೆವು ಎಂದು ತಿಳಿಯುತ್ತದೆ. ಈ ಮಾತುಕತೆಯ ಕೋಣೆಯನ್ನು ನಾನು ಯಂತ್ರಕ್ಕಿಂತ ಹೆಚ್ಚಿನ ವಿನ್ಯಾಸವೆಂದು ಎಣಿಸುತ್ತೇನೆ.

ನಮ್ಮಲ್ಲಿ ಇಂಥದನ್ನು ಕಟ್ಟುವವರಿಗೆ ನನ್ನ ಕೋರಿಕೆಗಳು ಇವೇ ಅನುಭವಗಳಿಂದ ಹುಟ್ಟಿದವು. ಸುಮ್ಮನೆ ಕುಳಿತಿರಲಾಗದ ಮಕ್ಕಳಿಗೆ, ಗಮನ ನಿಲ್ಲಿಸುವುದೇ ಹೋರಾಟವಾಗಿರುವ ದೊಡ್ಡವರಿಗೆ ಓಡಾಡಿಕೊಂಡೇ ಪಾಲ್ಗೊಳ್ಳುವ ದಾರಿಯಿರಲಿ. ಮೆದುಳಿನ ಅಲೆಗಳನ್ನು ದಾಖಲಿಸಲೇಬೇಕೆಂದಿದ್ದರೆ, ಬಂದವರು ಹೊರಗೆ ಕಾಲಿಡುವ ಮೊದಲು ಆ ದಾಖಲೆ ಅಳಿಸಿಹೋಗಲಿ. ಇಟ್ಟುಕೊಳ್ಳುವುದಾದರೆ ಏಕೆ, ಎಲ್ಲಿ, ಎಷ್ಟು ದಿನ ಎಂದು ಹೇಳಿ ಒಪ್ಪಿಗೆ ಪಡೆಯಲಿ. ಗಮನವನ್ನು ಮಾರುವ ವ್ಯಾಪಾರ ಎಷ್ಟು ದೊಡ್ಡದಾಗಿದೆ ಎಂದು ಬಲ್ಲ ಯಾರೂ ಈ ಮಾತನ್ನು ಅತಿಯೆನ್ನಲಾರರು.

ಬೆಂಗಳೂರಿನಲ್ಲಿ ಇದಕ್ಕೆ ಬೇಕಾದ ನೆಲ ಸಿದ್ಧವಾಗಿದೆ. ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯದಲ್ಲಿ ಮನುಷ್ಯರ ಮೆದುಳನ್ನು ಮುಟ್ಟಿ ನೋಡಬಹುದು. ಮೊಬೈಲ್ ಮತ್ತು ಅಂತರಜಾಲದ ಅತಿಬಳಕೆಗೆಂದೇ ಅಲ್ಲಿ ಒಂದು ಚಿಕಿತ್ಸಾಲಯವೂ ಇದೆ. ಸೈನ್ಸ್ ಗ್ಯಾಲರಿ ಬೆಂಗಳೂರು 2022ರಲ್ಲಿ ಮನಸ್ಸನ್ನೇ ವಸ್ತುವಾಗಿಸಿ ‘ಸೈಕಿ’ ಎಂಬ ಪ್ರದರ್ಶನ ನಡೆಸಿತ್ತು, ಅದರ ಈಗಿನ ಕಟ್ಟಡಕ್ಕೆ ಪ್ರವೇಶ ಉಚಿತ. ಇಂಥ ಕಡೆಗಳಲ್ಲಿ ಮುಂದೆ ಗಮನದ ಮೇಲೆ ಕೆಲಸ ಮಾಡುವವರು, ತಡೆದು ಕೇಳುವ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳುವ ವ್ಯವಸ್ಥೆ ಮಾಡಬೇಕು. ಮನಸ್ಸು ಎಲ್ಲಿಗೆ ಹೋಗಿತ್ತು ಎಂಬುದಕ್ಕೆ ಹೊರಗಿನ ಸಾಕ್ಷಿಯಿಲ್ಲ, ಹೋಗಿ ಬಂದವರು ಹೇಳಿದ್ದೇ ಸಾಕ್ಷಿ. ಅವರು ಯೋಚಿಸುವ ಭಾಷೆಯಲ್ಲಿ ಕೇಳದಿದ್ದರೆ ‘ಏನೂ ಇಲ್ಲ, ಚೆನ್ನಾಗಿತ್ತು’ ಎಂಬ ಎರಡು ಮಾತಿಗೆ ಎಲ್ಲ ಮುಗಿಯುತ್ತದೆ. ತರಕಾರಿ ಮಾರುವ ಒಬ್ಬ ತಾಯಿ, ಬಸ್ಸಿನ ಕಂಡಕ್ಟರ್, ಹತ್ತನೆಯ ತರಗತಿಯ ಹುಡುಗ ಒಂದೇ ಸದ್ದಿನ ಕೋಣೆಯಿಂದ ಹೊರಬಂದು, ಪಕ್ಕದ ಬೆಂಚಿನಲ್ಲಿ ಕುಳಿತು, ತಮ್ಮ ಮನಸ್ಸು ಎಲ್ಲೆಲ್ಲಿ ಸುತ್ತಿ ಬಂತೆಂದು ಪರಸ್ಪರ ಹೇಳಿಕೊಳ್ಳುವಷ್ಟು ಸಮಯವನ್ನು ಪ್ರತಿ ತಂಡದ ನಡುವೆ ಬಿಡಿ. ದಿನಕ್ಕೆ ಎಷ್ಟು ಜನ ಬಂದು ಹೋದರೆಂಬ ವರದಿ ಇದರಿಂದ ಸ್ವಲ್ಪ ಸಣ್ಣದಾಗುತ್ತದೆ; ಅನುದಾನ ಕೊಡುವವರು ಅದನ್ನು ಒಪ್ಪಿಕೊಳ್ಳುವಂತೆ ಮೊದಲೇ ಮಾತನಾಡಿಕೊಳ್ಳುವುದು ಸಂಘಟಕರ ಜವಾಬ್ದಾರಿ.