ಕ್ಯಾಮೆರಾ ಯಾರ ಕೈಯಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ. ಕಾಲೇಜಿಗೆ ಹೋಗುವ ಮಕ್ಕಳು ರಾತ್ರಿಯೆಲ್ಲ ಟಿವಿ ಮುಂದೆ ಕೂತು ರಾಕ್ಷಸರನ್ನು ಬಡಿಯುವುದನ್ನು ಕಂಡು, "ಅದರಲ್ಲಿ ಅಂಥಾದ್ದೇನಿದೆಯೋ" ಎಂದು ಗೊಣಗುವ ಅಪ್ಪ ಅಮ್ಮಂದಿರೇ, ಈ ಮಾತು ನಿಮಗೆ. ಆಡುವವರಿಗೆ ನಾನು ಹೇಳಬೇಕಾದ್ದು ಕಡಿಮೆ. ಅವರು ಆಗಲೇ ನನ್ನೊಡನೆ ಜಗಳಕ್ಕೆ ಸಿದ್ಧರಾಗಿರುತ್ತಾರೆ.

ನಾನು ಹೇಳುತ್ತಿರುವುದು ಒಂದು ವಿಡಿಯೊ ಗೇಮ್ ಬಗ್ಗೆ, ಹೆಸರು ಕ್ಯಾಸಲ್‌ವೇನಿಯಾ: ಲಾರ್ಡ್ಸ್ ಆಫ್ ಶ್ಯಾಡೋ. ಕ್ಯಾಸಲ್‌ವೇನಿಯಾ ಎಂಬುದು ಜಪಾನಿನ ಕೊನಾಮಿ ಕಂಪನಿ 1986ರಲ್ಲಿ ಶುರುಮಾಡಿದ ಸರಣಿ. ಬೆಲ್ಮಾಂಟ್ ವಂಶದವನೊಬ್ಬ ಚಾವಟಿ ಹಿಡಿದು ಡ್ರಾಕುಲಾನ ಕೋಟೆಗೆ ನುಗ್ಗುತ್ತಾನೆ, ಹೆಚ್ಚುಕಡಿಮೆ ಅದೇ ಕಥೆ. ಇಪ್ಪತ್ತು ವರ್ಷಕ್ಕೂ ಮೇಲೆ ಓಡಿದ ಸರಣಿಯನ್ನು ಹೊಸದಾಗಿ ಕಟ್ಟಲು ಕೊನಾಮಿ ಸ್ಪೇನಿನ ಮರ್ಕ್ಯುರಿಸ್ಟೀಮ್ ಸ್ಟುಡಿಯೊಗೆ ಒಪ್ಪಿಸಿತು. 2010ರಲ್ಲಿ ಆಟ ಬಂತು. ಹಳೆಯ ಕಥೆಯೆಲ್ಲ ಪಕ್ಕಕ್ಕೆ. ಈಗ ಇಸವಿ 1047. ಗೇಬ್ರಿಯಲ್ ಬೆಲ್ಮಾಂಟ್‌ನ ಹೆಂಡತಿಯ ಕೊಲೆಯಾಗಿದೆ. ಅವಳನ್ನು ಬದುಕಿಸಿಕೊಳ್ಳಲು ಒಂದು ಮುಖವಾಡದ ತುಂಡುಗಳು ಬೇಕು. ಅವು ಮೂವರು ಕತ್ತಲ ದೊರೆಗಳ ಹತ್ತಿರ ಇವೆ.

ಈ ಆಟದ ಸೊಗಸೂ ಸೋಲೂ ಹುಟ್ಟಿದ್ದು ಒಂದೇ ಕಡೆ. ಅದು ಕ್ಯಾಮೆರಾ, ಅಂದರೆ ಆಟದ ಲೋಕವನ್ನು ನಾವು ನೋಡುವ ಕೋನ. ಇಂಥ ಎಷ್ಟೋ ಆಟಗಳಲ್ಲಿ ಹೆಬ್ಬೆರಳಿನಿಂದ ಕ್ಯಾಮೆರಾ ತಿರುಗಿಸಿ ಹಿಂದೆ ಮುಂದೆ ನೋಡಬಹುದು. ಇಲ್ಲಿ ಅದಿಲ್ಲ. ಎಲ್ಲಿಂದ ನೋಡಬೇಕೆಂದು ಮಾಡಿದವರೇ ತೀರ್ಮಾನಿಸಿಬಿಟ್ಟಿದ್ದಾರೆ.

ನಮ್ಮ ಅತ್ತೆಯವರ ಕಥೆ ಹೇಳುತ್ತೇನೆ, ಅರ್ಥವಾಗುತ್ತದೆ. ನಾನು ಅನಿಮೇಶನ್ ಪಾಠ ಹೇಳುವವಳು, ಹಾಗಾಗಿ ಆಟ ಆಡುವುದೂ ನನ್ನ ಕೆಲಸವೇ. ಅತ್ತೆ ಇದನ್ನು ಇನ್ನೂ ಪೂರ್ತಿ ನಂಬಿಲ್ಲ. ಒಂದು ಸಂಜೆ ನಾನು ಆಡುತ್ತಿದ್ದೆ, ಅವರು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹೆಪ್ಪುಗಟ್ಟಿದ ಸರೋವರದಿಂದ ಹಿಮದ ದೈತ್ಯ ಎದ್ದಿತು. ಗೇಬ್ರಿಯಲ್ ಅದರ ಮೈಮೇಲೆ ಹತ್ತತೊಡಗಿದ. ಕ್ಯಾಮೆರಾ ಮೆಲ್ಲಗೆ ಹಿಂದೆ ಸರಿಯಿತು, ಸರಿಯುತ್ತಲೇ ಹೋಯಿತು. ದೈತ್ಯನ ತೋಳಿನ ಮೇಲೆ ಗೇಬ್ರಿಯಲ್ ಒಂದು ಇರುವೆಯಷ್ಟಾದ. ಅತ್ತೆಯ ಕೈ ನಿಂತುಹೋಯಿತು. "ಅಯ್ಯೋ, ಬೀಳ್ತಾನಲ್ಲೇ!" ಅಂದರು. ಆ ಮೇಲೆ ಮೊರ ಪಕ್ಕಕ್ಕಿಟ್ಟು ಕೂತೇಬಿಟ್ಟರು. ಮಂಜಿನ ಕಾಡು, ಪಾಳುಬಿದ್ದ ಗುಡಿಗೋಪುರ, ಬಣ್ಣದ ಗಾಜಿನಿಂದ ಇಳಿಯುವ ಬೆಳಕು, ಒಂದೊಂದಕ್ಕೂ "ಎಷ್ಟು ಚೆನ್ನಾಗಿ ಬರೆದಿದ್ದಾರೆ!"

ಎಲ್ಲ ಸರಿ. ಆಮೇಲೆ ಒಂದು ಕಂಬದ ಹತ್ತಿರ ಬಂದೆ. "ಅದರ ಹಿಂದೇನಿದೆ? ಸ್ವಲ್ಪ ತಿರುಗಿಸು, ನೋಡೋಣ" ಅಂದರು. ತಿರುಗಲ್ಲ ಅತ್ತೆ, ಅಂದೆ. "ಯಾಕೆ, ಕೆಟ್ಟಿದೆಯಾ?" ಇಲ್ಲ, ಇರೋದೇ ಹಾಗೆ. ಮುಂದೆ ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರಬೇಕು. ನೋಡಲು ಹತ್ತಿರವೇ ಇದೆ, ಹಾರಿದೆ, ಪ್ರಪಾತಕ್ಕೆ ಬಿದ್ದೆ. ಮತ್ತೆ ಹಾರಿದೆ, ಮತ್ತೆ ಬಿದ್ದೆ. ದೂರವೆಷ್ಟೆಂದು ಆ ಕೋನದಿಂದ ಗೊತ್ತೇ ಆಗುವುದಿಲ್ಲ! ಅತ್ತೆ ಮೊರ ಎಳೆದುಕೊಂಡು ಕೇಳಿದರು: "ಹಾಗಾದ್ರೆ ಆಡೋದು ನೀನಾ, ಅವರಾ?"

ವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನು ಅತ್ತೆ ಒಂದೇ ಪ್ರಶ್ನೆಯಲ್ಲಿ ಮುಗಿಸಿದರು. ಕ್ಯಾಮೆರಾ ಕಿತ್ತುಕೊಂಡಿದ್ದರಿಂದಲೇ ಪ್ರತಿ ದೃಶ್ಯ ಚಿತ್ರಪಟದಂತೆ ಕೂತಿದೆ. ಅದನ್ನು ಕಿತ್ತುಕೊಂಡಿದ್ದರಿಂದಲೇ ಹುಡುಕುವ ಸುಖ ಹೋಗಿದೆ. ಇದೇ ಸರಣಿಯ 1997ರ ಸಿಂಫನಿ ಆಫ್ ದಿ ನೈಟ್ ನೋಡಿ. ಅಲ್ಲಿ ಕೋಟೆಯಲ್ಲಿ ದಾರಿ ತಪ್ಪುವುದೇ ಆಟ. ಇಲ್ಲಿ ದಾರಿ ತಪ್ಪಲು ಬಿಡುವುದೇ ಇಲ್ಲ. ಅಧ್ಯಾಯ ಮುಗಿಸು, ಮುಂದಿನದಕ್ಕೆ ನಡೆ.

ಕಾಳಗದ ಬಗ್ಗೆ ಬಹಳ ಹೇಳಬೇಕೆಂದಿದ್ದೆ, ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಚುಟುಕಾಗಿ ಹೇಳುತ್ತೇನೆ. ಶಿಲುಬೆಯಿಂದ ಚಿಮ್ಮುವ ಸರಪಳಿ ಗೇಬ್ರಿಯಲ್‌ನ ಆಯುಧ. ಬೆಳಕಿನ ಶಕ್ತಿ ಹಚ್ಚಿಕೊಂಡು ಹೊಡೆದರೆ ಗಾಯ ಮಾಯುತ್ತದೆ, ನೆರಳಿನ ಶಕ್ತಿಯಿಂದ ಹೊಡೆದರೆ ಏಟು ಜೋರು. ಪೆಟ್ಟು ತಿನ್ನದೆ ಹೊಡೆಯುತ್ತ ಹೋದರೆ ಆ ಶಕ್ತಿ ಮತ್ತೆ ತುಂಬುತ್ತದೆ. ಬುದ್ಧಿವಂತ ಲೆಕ್ಕಾಚಾರ, ನನಗೆ ತುಂಬ ಇಷ್ಟ. ಆಸ್ಕರ್ ಅರೌಜೊ ಅವರ ಸಂಗೀತ ದೊಡ್ಡ ವಾದ್ಯವೃಂದದ್ದು, ಕಥೆ ಹೇಳುವ ದನಿ ಇಂಗ್ಲಿಷ್ ನಟ ಪ್ಯಾಟ್ರಿಕ್ ಸ್ಟುವರ್ಟ್ ಅವರದು. ಕಥೆಯ ಕೊನೆಯ ತಿರುವು ಜೋರಾಗಿದೆ, ಹೇಳುವುದಿಲ್ಲ.

2014ರಲ್ಲಿ ಎರಡನೇ ಭಾಗ ಬಂತು. ಈ ಸಲ ಕ್ಯಾಮೆರಾ ನಮ್ಮ ಕೈಗೇ ಕೊಟ್ಟರು. ಸಂತೋಷಪಟ್ಟೆ. ಆದರೆ ಸಾಕ್ಷಾತ್ ಡ್ರಾಕುಲಾನನ್ನು ಇಲಿಯಾಗಿಸಿ, ಕಾವಲುಗಾರರ ಕಣ್ಣು ತಪ್ಪಿಸಿ ನುಸುಳುವ ಕೆಲಸಕ್ಕೆ ಹಚ್ಚಿದರು! ಅದಕ್ಕೇನು ಹೇಳೋಣ?

ನೀವು ಮೊದಲನೆಯದನ್ನೇ ನೋಡಿ. ಹದಿನೇಳು ದಾಟಿದವರಿಗೆಂದು ಮಾಡಿದ ಆಟ, ಚಿಕ್ಕ ಮಕ್ಕಳ ಕೈಗೆ ಬೇಡ. ದೊಡ್ಡ ಮಗನೋ ಮಗಳೋ ಆಡುವಾಗ ಪಕ್ಕದಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಅವರು ಬಿದ್ದರೆ ಬೈಯಬೇಡಿ, ಕಾರಣ ಈಗ ನಿಮಗೂ ಗೊತ್ತು. ನಮಸ್ಕಾರ.