ನೆರಳುಗೆರೆ ಯಾವ ಕಡೆಗೆ ವಾಲಿದೆ?

ಶ್ರೋತೃಗಳಿಗೆ ನಮಸ್ಕಾರ. ಲಿಯೊನಾರ್ಡೊ ಡ ವಿಂಚಿಯ ಅಂಗರಚನೆಯ ಚಿತ್ರಗಳನ್ನು ನೋಡಿ ಮಾಡಿದ ಹಳೆಯ ಅಚ್ಚು ಕೈಗೆ ಬಂದರೆ, ನನ್ನ ಭೂತಗನ್ನಡಿ ಮೊದಲು ಹೋಗುವುದು ನೆರಳಿನ ಗೆರೆಗಳ ಮೇಲೆ. ಲಿಯೊನಾರ್ಡೊ ಎಡಚ. ಅವನ ನೆರಳುಗೆರೆಗಳು ಎಡಮೇಲಿನಿಂದ ಬಲಕ್ಕೆ ಇಳಿಯುತ್ತವೆ. ಅದನ್ನು ಇದ್ದಂತೆಯೇ ತಾಮ್ರದ ತಗಡಿಗೆ ಇಳಿಸಿದರೆ ಅಚ್ಚಿನಲ್ಲಿ ಎಲ್ಲವೂ ಕನ್ನಡಿಯ ಬಿಂಬದಂತೆ ತಿರುಗುತ್ತದೆ: ಎಡತೋಳು ಬಲತೋಳಾಗುತ್ತದೆ, ಗೆರೆಗಳು ಬಲಗೈಯವರು ಎಳೆದಂತೆ ವಾಲುತ್ತವೆ. ಹಾಗೆ ತಿರುಗಿರದಿದ್ದರೆ, ಕೆತ್ತಿದವನು ಚಿತ್ರವನ್ನು ಮೊದಲೇ ತಿರುವಿಕೊಳ್ಳುವಷ್ಟು ಶ್ರಮಪಟ್ಟಿದ್ದಾನೆ.

ಈ ಶ್ರಮದ ಬೆಲೆ ತಿಳಿಯಬೇಕಾದರೆ ಹಿಂದಿನ ಕಥೆ ಗೊತ್ತಿರಬೇಕು. ಮಾರ್ಕಾಂತೋನಿಯೊ ದೆಲ್ಲಾ ತೊರ್ರೆ ಎಂಬ ತರುಣ ವೈದ್ಯ ಲಿಯೊನಾರ್ಡೊನ ಅಂಗಚ್ಛೇದನದ ಕೆಲಸಕ್ಕೆ ಜೊತೆಯಾಗಿದ್ದ. 1511ರಲ್ಲಿ ಅವನು ತೀರಿಕೊಂಡ. 1519ರಲ್ಲಿ ಲಿಯೊನಾರ್ಡೊ ಸತ್ತಾಗ ಆ ಹಾಳೆಗಳು ಅಚ್ಚಾಗದೆ ಉಳಿದವು. ವೆಸೇಲಿಯಸ್ ಎಂಬ ವೈದ್ಯನ ಅಂಗರಚನೆಯ ಮಹಾಗ್ರಂಥ 1543ರಲ್ಲಿ ಬಾಸೆಲ್‌ನಲ್ಲಿ ಮುದ್ರಣವಾಯಿತು. ಆದರೆ ಲಿಯೊನಾರ್ಡೊ ಬಿಡಿಸಿದ ಹೃದಯ, ಭುಜ, ಬೆನ್ನುಮೂಳೆಗಳನ್ನು ಆಗ ಕಂಡವರು ಬೆರಳೆಣಿಕೆಯ ಮಂದಿ.

ಪ್ರಾಗ್‌ನಲ್ಲಿ ಹುಟ್ಟಿದ ಅಚ್ಚುಚಿತ್ರಕಾರ ವೆನ್ಸೆಸ್ಲಾಸ್ ಹೊಲಾರ್ ಇದರ ಕದ ತುಸು ತೆರೆದ. ಇಂಗ್ಲೆಂಡಿನ ಅರುಂಡೆಲ್ ಪ್ರಭುವಿನ ಸಂಗ್ರಹದಲ್ಲಿದ್ದ ಕೆಲವು ಹಾಳೆಗಳನ್ನು 1645ರ ಸುಮಾರಿಗೆ, ಅಂತರ್ಯುದ್ಧದಿಂದ ದೂರವಾಗಿ ಆಂಟ್‌ವರ್ಪ್‌ನಲ್ಲಿದ್ದಾಗ, ಆಮ್ಲದಿಂದ ತಾಮ್ರ ಕೊರೆದು ಅಚ್ಚು ಹಾಕಿದ. 1796ರಿಂದ ಜಾನ್ ಚೇಂಬರ್ಲೇನ್ ಇಂಗ್ಲೆಂಡಿನ ರಾಜಸಂಗ್ರಹದಲ್ಲಿದ್ದ ಲಿಯೊನಾರ್ಡೊನ ಚಿತ್ರಗಳ ಪ್ರತಿಕೃತಿಗಳನ್ನು ಹೊರತಂದ. ಅದಕ್ಕೆ ಕೆತ್ತಿದವರಲ್ಲಿ ಬಾರ್ತೊಲೊಜ್ಜಿ ಪ್ರಮುಖ. ನನಗೆ ಹೊಲಾರ್‌ನ ಕೆಲಸವೇ ಹೆಚ್ಚು ಪ್ರಿಯ. ಬಾರ್ತೊಲೊಜ್ಜಿಯ ನಯ ಕೆಲವೊಮ್ಮೆ ಲಿಯೊನಾರ್ಡೊನ ಅವಸರವನ್ನು ಅಳಿಸಿಬಿಡುತ್ತದೆ.

ಕೊಳ್ಳುವ ಮುನ್ನ ಹಾಳೆಯನ್ನು ಓರೆಬೆಳಕಿಗೆ ಹಿಡಿಯಿರಿ. ಅಂಚು ಕತ್ತರಿಸಿರದಿದ್ದರೆ, ತಾಮ್ರದ ತಗಡು ಒದ್ದೆ ಕಾಗದವನ್ನು ಒತ್ತಿದ ಚೌಕಟ್ಟು ಚಿತ್ರದ ಸುತ್ತ ಕಾಣುತ್ತದೆ. ವೆಸೇಲಿಯಸ್‌ನ ಚಿತ್ರಗಳು ಮರದಚ್ಚಿನವು. ಅವುಗಳಲ್ಲಿ ಈ ಚೌಕಟ್ಟು ಇರುವುದಿಲ್ಲ.

ವೆಸೇಲಿಯಸ್ ಎಂದಾಗ ನನಗೆ ಸಂಕಟವಾಗುತ್ತದೆ. ಅವನ ಚಿತ್ರಗಳಲ್ಲಿ ಸ್ನಾಯುಗಳ ಮೇಲೆ ಪುಟ್ಟ ಅಕ್ಷರಗಳಿವೆ. ಅವುಗಳ ಅರ್ಥ ಇರುವುದು ಪುಸ್ತಕದ ವಿವರಣೆಯಲ್ಲಿ. ಗೋಡೆಗೆ ತೂಗುಹಾಕಲೆಂದು ಪುಸ್ತಕ ಹರಿದು ಬಿಡಿ ಹಾಳೆ ಮಾರುತ್ತಾರೆ. ಆಮೇಲೆ ಆ ಅಕ್ಷರಗಳು ಯಾರಿಗೂ ಏನನ್ನೂ ಹೇಳುವುದಿಲ್ಲ. ಪುಸ್ತಕದ ಬೆನ್ನಿಗೆ ಅಂಟಿದ್ದ ಅಂಚಿನಲ್ಲಿ ಹೊಸದಾಗಿ ಕತ್ತರಿಸಿದ ಗುರುತು ಕಂಡರೆ, ಎಷ್ಟೇ ಅಗ್ಗವಾಗಿರಲಿ, ನಾನು ಆ ಹಾಳೆಯನ್ನು ಹಿಂದಕ್ಕೆ ಕೊಟ್ಟುಬಿಡುತ್ತೇನೆ.