ಖಿದಿರ್‌ಪುರದ ಟ್ರಾಮ್ ಹಳಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲ್ಕತ್ತದ ಮೈದಾನದಲ್ಲಿ, ಕುದುರೆ ಪಂದ್ಯದ ಬಯಲಿನ ಕಡೆಗೆ ಹೋಗುವ ದಾರಿಯ ಬದಿಯಲ್ಲಿ, ಹುಲ್ಲಿನ ನಡುವೆ ಟ್ರಾಮ್ ಹಳಿಗಳಿವೆ. ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಆ ಹಳಿಗಳ ಜೊತೆಜೊತೆಗೆ ಸಾಕಷ್ಟು ದೂರ ನಡೆದೆ. ದಿನವೂ ಚಕ್ರ ಉರುಳುವ ಹಳಿಯ ನೆತ್ತಿ ಈಗತಾನೇ ಉಜ್ಜಿಟ್ಟ ಪಾತ್ರೆಯಂತೆ ಹೊಳೆಯುತ್ತಿರುತ್ತದೆ. ಇಲ್ಲಿ ಅದು ಕಂದುಬಣ್ಣಕ್ಕೆ ತಿರುಗಿತ್ತು. ಬಗ್ಗಿ ಬೆರಳಿನಿಂದ ಒರೆಸಿದರೆ ತುಕ್ಕು ಕೈಗೆ ಅಂಟುತ್ತಿತ್ತು. ಕೆಲವು ಕಡೆ ಹುಲ್ಲು ಎಷ್ಟು ಬೆಳೆದಿತ್ತೆಂದರೆ, ಕಾಲಿಗೆ ತಾಗಿದಾಗಲೇ ಹಳಿ ಅಲ್ಲಿದೆಯೆಂದು ತಿಳಿಯುತ್ತಿತ್ತು. ಮೇಕೆಗಳ ಹಿಂಡೊಂದು ಆ ಹುಲ್ಲನ್ನು ಮೇಯುತ್ತಾ ನಿಧಾನವಾಗಿ ಮುಂದೆ ಸಾಗುತ್ತಿತ್ತು. ಈ ಹಳಿಗಳ ಮೇಲೆ ಮತ್ತೆ ಟ್ರಾಮ್ ಓಡಬಹುದೇ, ಓಡುವುದಾದರೆ ಹೇಗೆ ಓಡಬೇಕು ಎಂಬುದು ಇಂದಿನ ನನ್ನ ಮಾತಿನ ವಿಷಯ.

ಇದು ಊರಿನ ನಡುವಿನ ಎಸ್‌ಪ್ಲನೇಡಿನಿಂದ ಬಂದರಿನ ಬಳಿಯ ಖಿದಿರ್‌ಪುರಕ್ಕೆ ಹೋಗುತ್ತಿದ್ದ 36ನೇ ನಂಬರಿನ ಮಾರ್ಗ. ಕೋಲ್ಕತ್ತದ ಟ್ರಾಮ್ ಚರಿತ್ರೆಯಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವಿದೆ. ಆ ನಗರದಲ್ಲಿ ಕುದುರೆ ಎಳೆಯುವ ಟ್ರಾಮ್ ಮೊದಲು ಓಡಿದ್ದು 1873ರಲ್ಲಿ, ಸಿಯಾಲ್ದಾದಿಂದ ಹೂಗ್ಲಿ ನದಿಯ ಅರ್ಮೇನಿಯನ್ ಘಾಟಿನವರೆಗೆ. ಜನ ಸಾಕಷ್ಟು ಹತ್ತದೆ ಅದು ಅದೇ ವರ್ಷ ನಿಂತುಹೋಯಿತು. 1880ರಲ್ಲಿ ಹೊಸ ಕಂಪನಿಯೊಂದು ಮತ್ತೆ ಹಳಿ ಹಾಕಿತು, ಆ ಶತಮಾನದ ಕೊನೆಗೆ ಸುಮಾರು ಸಾವಿರ ಕುದುರೆಗಳು ಟ್ರಾಮುಗಳನ್ನು ಎಳೆಯುತ್ತಿದ್ದವು. ಬಂಗಾಳದ ಸೆಕೆಯಲ್ಲಿ ತುಂಬಿದ ಗಾಡಿಯನ್ನು ಎಳೆಯುವುದು ಆ ಮೂಕಪ್ರಾಣಿಗಳಿಗೆ ಎಂಥ ಹಿಂಸೆಯಾಗಿದ್ದಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಕೊನೆಗೆ 1902ರ ಮಾರ್ಚ್ 27ರಂದು ಕಲ್ಕತ್ತೆಯ ಮೊದಲ ವಿದ್ಯುತ್ ಟ್ರಾಮ್ ಹೊರಟಿತು. ಅದು ಹೊರಟದ್ದು ಎಸ್‌ಪ್ಲನೇಡಿನಿಂದ, ಹೋಗಿ ಸೇರಿದ್ದು ಖಿದಿರ್‌ಪುರವನ್ನು. ಅಂದರೆ ಇಂದು ಮೇಕೆಗಳು ಮೇಯುತ್ತಿರುವ ಈ ದಾರಿಯಲ್ಲಿಯೇ ಆ ನಗರ ಕುದುರೆಯ ಕಾಲದಿಂದ ವಿದ್ಯುತ್ತಿನ ಕಾಲಕ್ಕೆ ದಾಟಿತು.

ಆ ಮೇಲೆ ನೂರಾ ಹದಿನೆಂಟು ವರ್ಷ ಈ ಮಾರ್ಗ ಬದುಕಿತ್ತು. 2020ರ ಮೇ 20ರಂದು ಆಂಫಾನ್ ಚಂಡಮಾರುತ ಕೋಲ್ಕತ್ತವನ್ನು ಅಪ್ಪಳಿಸಿದಾಗ ಊರಿನ ತುಂಬ ಸಾವಿರಾರು ಮರಗಳು ಬುಡಸಮೇತ ಉರುಳಿದವು, ಮೈದಾನದ ಮರಗಳು ಬಿದ್ದ ಕಡೆ ಟ್ರಾಮಿನ ತಂತಿಗಳು ಹರಿದವು. ಕೊರೊನಾ ಕಾರಣದಿಂದ ಅಷ್ಟರಲ್ಲೇ ನಗರದ ಓಡಾಟವೆಲ್ಲ ನಿಂತಿತ್ತು. ಬೇರೆ ಕೆಲವು ಮಾರ್ಗಗಳಲ್ಲಿ ತಂತಿ ಕಟ್ಟಿ ಗಾಡಿ ಬಿಟ್ಟರು. ಖಿದಿರ್‌ಪುರದ ಸರದಿ ಬರಲಿಲ್ಲ. ನನಗೆ ತಿಳಿದಂತೆ ಈ ಮಾರ್ಗವನ್ನು ಮುಚ್ಚಲು ಯಾರೂ ಮೊದಲೇ ಯೋಜನೆ ಹಾಕಿರಲಿಲ್ಲ. ಬಿರುಗಾಳಿಗೆ ಹರಿದ ತಂತಿಯನ್ನು ಮತ್ತೆ ಕಟ್ಟದೇ ಬಿಟ್ಟರು, ಅಷ್ಟೇ.

ಟ್ರಾಮಿನ ವಿರುದ್ಧ ಹೇಳುವ ವಾದ ನಮಗೆಲ್ಲ ಗೊತ್ತಿರುವಂಥದು. ಅದು ನಿಧಾನ, ರಸ್ತೆಯ ನಡುವೆ ಓಡುತ್ತದೆ, ಪಕ್ಕಕ್ಕೆ ಸರಿಯಲಾರದು, ಹಿಂದೆ ಬರುವ ಬಸ್ಸು ಕಾರುಗಳನ್ನೆಲ್ಲ ತಡೆದು ನಿಲ್ಲಿಸುತ್ತದೆ. ಕೋಲ್ಕತ್ತದ ನೆಲದಲ್ಲಿ ರಸ್ತೆಗಳ ಪಾಲು ಶೇಕಡಾ 6ರಷ್ಟೇ ಎಂದು ಅಲ್ಲಿನ ಸರ್ಕಾರ ಹೇಳುತ್ತದೆ. ಅಷ್ಟು ಇಕ್ಕಟ್ಟಿನ ಊರಿನಲ್ಲಿ ಈ ವಾದವನ್ನು ಸುಮ್ಮನೆ ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಕಾಲೇಜ್ ಸ್ಟ್ರೀಟಿನಲ್ಲಿ ಪುಸ್ತಕದಂಗಡಿಗಳ ಮುಂದೆ ಟ್ರಾಮು, ಕೈಗಾಡಿ, ಟ್ಯಾಕ್ಸಿ ಮೂರೂ ಒಂದಕ್ಕೊಂದು ಸಿಕ್ಕಿಕೊಂಡು ಕಾಲು ಗಂಟೆ ಅಲ್ಲಾಡದೆ ನಿಂತದ್ದನ್ನು ನಾನೇ ಕಂಡಿದ್ದೇನೆ. ಆದರೆ ಖಿದಿರ್‌ಪುರದ ಹಳಿಗಳು ತಮ್ಮ ಬಹುಪಾಲು ಉದ್ದ ಮೈದಾನದ ಹುಲ್ಲಿನ ಮೇಲೆಯೇ ಹಾಸಿವೆ. ಅಲ್ಲಿ ಟ್ರಾಮು ಯಾವ ಬಸ್ಸಿಗೂ ಅಡ್ಡ ಬರುವುದಿಲ್ಲ, ಯಾವ ಕಾರೂ ಟ್ರಾಮಿಗೆ ಅಡ್ಡ ಬರುವುದಿಲ್ಲ. ರಸ್ತೆ ದಾಟುವ ಕೆಲವು ಜಾಗಗಳನ್ನೂ ಖಿದಿರ್‌ಪುರದ ಸೇತುವೆಯ ಆಚೀಚಿನ ಇಕ್ಕಟ್ಟನ್ನೂ ಬಿಟ್ಟರೆ ವಾಹನಗಳ ದಟ್ಟಣೆಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಇಡೀ ನಗರದ ಟ್ರಾಮ್ ಜಾಲಕ್ಕೆ ಒಂದೇ ತೀರ್ಪು ಕೊಡುವವರು ಈ ವ್ಯತ್ಯಾಸವನ್ನು ಗಮನಿಸಿಲ್ಲವೆಂಬುದೇ ನನ್ನ ಮುಖ್ಯ ತಕರಾರು.

2024ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳದ ಸಾರಿಗೆ ಸಚಿವರು ಟ್ರಾಮುಗಳನ್ನು ನಿಲ್ಲಿಸುವುದಾಗಿಯೂ, ಎಸ್‌ಪ್ಲನೇಡಿನಿಂದ ಮೈದಾನದವರೆಗಿನ ಒಂದು ತುಂಡನ್ನು ಮಾತ್ರ ಪಾರಂಪರಿಕ ಸವಾರಿಗೆಂದು ಉಳಿಸಿಕೊಳ್ಳುವುದಾಗಿಯೂ ಹೇಳಿದರು. ವಿಷಯ ಕಲ್ಕತ್ತ ಹೈಕೋರ್ಟಿನಲ್ಲಿತ್ತು. 2025ರ ಜನವರಿಯಲ್ಲಿ ನ್ಯಾಯಾಲಯವು ಹಳಿಗಳ ಮೇಲೆ ಡಾಂಬರು ಸುರಿಯುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಈ ಆದೇಶದ ಬೆಲೆ ಮೇಲುನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಗಾಡಿ ನಿಂತ ಮಾತ್ರಕ್ಕೆ ಟ್ರಾಮ್ ಮಾರ್ಗ ಸಾಯುವುದಿಲ್ಲ, ತಂತಿ ಹರಿದರೂ ಸಾಯುವುದಿಲ್ಲ. ಹಳಿಯ ಮೇಲೆ ಡಾಂಬರು ಬಿದ್ದ ದಿನ ಅದನ್ನು ಮತ್ತೆ ತೆರೆಯುವ ಖರ್ಚು ಹಲವು ಪಟ್ಟು ಏರುತ್ತದೆ, ಕೇಳುವವರ ದನಿಯೂ ಕುಗ್ಗುತ್ತದೆ.

ಹಳಿ ಉಳಿದರೆ ಮಾರ್ಗ ಮರಳಬಲ್ಲದು ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾ ನಗರ ಒಳ್ಳೆಯ ಸಾಕ್ಷಿ. ಅಲ್ಲಿ ಟ್ರಾಮನ್ನು ಟ್ರಾಲಿ ಎನ್ನುತ್ತಾರೆ. 1992ರಲ್ಲಿ ಅಲ್ಲಿ ಗಿರಾರ್ಡ್ ಅವೆನ್ಯೂವಿನ 15ನೇ ಮಾರ್ಗವನ್ನು ನಿಲ್ಲಿಸಿ ಬಸ್ಸು ಬಿಟ್ಟರು. ಹಳಿಗಳನ್ನು ಕೀಳಲಿಲ್ಲ. ಹದಿಮೂರು ವರ್ಷಗಳ ಮೇಲೆ, 2005ರಲ್ಲಿ, 1947ರಲ್ಲಿ ತಯಾರಾದ ಹಳೆಯ ಗಾಡಿಗಳನ್ನೇ ಬಿಚ್ಚಿ, ಹೊಸದಾಗಿ ಕಟ್ಟಿ, ಅದೇ ಹಳಿಗಳ ಮೇಲೆ ಇಳಿಸಿದರು. 2020ರಲ್ಲಿ ಗಾಡಿಗಳ ದುರಸ್ತಿಗೆಂದು ಸೇವೆ ಮತ್ತೆ ನಿಂತಿತು, 2024ರಲ್ಲಿ ಮತ್ತೆ ಶುರುವಾಯಿತು. 2005ರ ಆರಂಭ ತಡವಾಗಿದ್ದಕ್ಕೂ ಒಂದು ಕಾರಣವಿದೆ: ಡಿಪೋಗೆ ಹೋಗುವ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗದ ಬಗ್ಗೆ ಅಲ್ಲಿನ ನಿವಾಸಿಗಳು ತಕರಾರೆತ್ತಿದ್ದರು. ಅದೇ ಊರಿನ 23ನೇ ಮಾರ್ಗವೂ 1992ರಲ್ಲಿಯೇ ‘ತಾತ್ಕಾಲಿಕವಾಗಿ’ ನಿಂತಿತು. ಅದು ಇಂದಿಗೂ ಮರಳಿಲ್ಲ. ಒಂದೇ ವರ್ಷದಲ್ಲಿ ನಿಂತ ಎರಡು ಮಾರ್ಗಗಳ ಹಣೆಬರಹ ಹೀಗೆ ಬೇರೆಬೇರೆಯಾಯಿತು. ತಾತ್ಕಾಲಿಕ ಎಂಬ ಮಾತಿಗೆ ಒಂದು ತಾರೀಖು ಕಟ್ಟದಿದ್ದರೆ ಅದು ಮೂರು ದಶಕ ಎಳೆಯಬಲ್ಲದು.

ನಮ್ಮ ದೇಶದ ಬೇರೆ ನಗರಗಳಲ್ಲಿ ಹಾಗೆ ಮರಳುವ ಮಾತೇ ಉಳಿದಿಲ್ಲ. ಭಾರತದ ಮೊದಲ ವಿದ್ಯುತ್ ಟ್ರಾಮ್ 1895ರಲ್ಲಿ ಮದ್ರಾಸಿನಲ್ಲಿ ಓಡಿತು, 1953ರಲ್ಲಿ ನಿಂತಿತು. ಬೊಂಬಾಯಿಯ ಕೊನೆಯ ಟ್ರಾಮ್ 1964ರ ಮಾರ್ಚ್ 31ರಂದು ಡಿಪೋ ಸೇರಿತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳಿಗೆ ಮದ್ರಾಸೇ ರಾಜಧಾನಿಯಾಗಿದ್ದ ಕಾಲದಲ್ಲಿ ಓದಿಗೋ ಕೋರ್ಟು ಕಚೇರಿಗೋ ಹೋದ ಕನ್ನಡಿಗರು, ಹೋಟೆಲು ಗಿರಣಿಗಳ ಕೆಲಸಕ್ಕೆ ಬೊಂಬಾಯಿಗೆ ಹೋದ ಕನ್ನಡಿಗರು ಆ ಟ್ರಾಮುಗಳಲ್ಲಿ ಓಡಾಡಿದವರೇ. ಆ ಹಳಿಗಳು ಎಂದೋ ಹೋದವು. ದೇಶದಲ್ಲಿ ಉಳಿದಿರುವುದು ಕೋಲ್ಕತ್ತದ ಹಳಿಗಳು ಮಾತ್ರ.

ಹಾಗಾದರೆ ಖಿದಿರ್‌ಪುರದ ಮಾರ್ಗ ಮರಳಲು ಏನೇನು ಬೇಕು? ಟ್ರಾಮಿನ ಯಂತ್ರ ಸರಳವಾದದ್ದು. ಗಾಡಿಯ ನೆತ್ತಿಯಿಂದ ಚಾಚಿದ ಕೋಲು ಮೇಲಿನ ತಂತಿಯನ್ನು ಒತ್ತಿ ಹಿಡಿದಿರುತ್ತದೆ. ಆ ತಂತಿಯಿಂದ ಸುಮಾರು 550 ವೋಲ್ಟಿನ ನೇರ ವಿದ್ಯುತ್ತು ಮೋಟಾರಿಗೆ ಇಳಿದು, ಚಕ್ರಗಳ ಮೂಲಕ ಹಳಿಗೆ ಹರಿದು ಹಿಂದಿರುಗುತ್ತದೆ. ಹೀಗಾಗಿ ಹಳಿಯೆಂದರೆ ದಾರಿಯೂ ಹೌದು, ವಿದ್ಯುತ್ತಿನ ಮರುದಾರಿಯೂ ಹೌದು. ನಾನು ಗಡಿಯಾಹಾಟಿನಿಂದ ಎಸ್‌ಪ್ಲನೇಡಿಗೆ ಬರುತ್ತಿದ್ದಾಗ ಒಂದು ತಿರುವಿನಲ್ಲಿ ಆ ಕೋಲು ತಂತಿಯಿಂದ ಜಾರಿತು. ಫ್ಯಾನು ನಿಂತಿತು, ಗಾಡಿ ನಿಂತಿತು. ಕಂಡಕ್ಟರು ಟಿಕೆಟಿನ ಚೀಲವನ್ನು ಹೆಗಲಿಗೆ ಸರಿಸಿಕೊಂಡು ಕೆಳಗಿಳಿದು, ಹಿಂಬದಿಗೆ ಹೋಗಿ, ಕೋಲಿಗೆ ಕಟ್ಟಿದ್ದ ಹಗ್ಗವನ್ನು ಎಳೆದು, ಕತ್ತೆತ್ತಿ ಗುರಿ ನೋಡಿ ಅದನ್ನು ತಂತಿಗೆ ಕೂರಿಸಿದರು. ಒಂದು ಕಿಡಿ ಹಾರಿತು, ಫ್ಯಾನು ತಿರುಗಿತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಅಂಥ ಕೈಚಳಕದವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ ಎಂಬುದು ಹರಿದ ತಂತಿಗಿಂತ ದೊಡ್ಡ ತೊಂದರೆ. ತಂತಿಯನ್ನು ಹಣ ಕೊಟ್ಟು ಕೊಳ್ಳಬಹುದು; ಡ್ರೈವರು, ಕಂಡಕ್ಟರು, ಟ್ರಾಮುಗಳನ್ನು ದುರಸ್ತಿ ಮಾಡುವ ನೋನಾಪುಕುರ್ ಕಾರ್ಖಾನೆಯ ಫಿಟ್ಟರುಗಳು ತಮ್ಮ ಕೆಲಸವನ್ನು ಹೊಸಬರಿಗೆ ಕಲಿಸಬೇಕಾದರೆ ಅವರು ಕೆಲಸದಲ್ಲಿರುವಾಗಲೇ ಗಾಡಿ ಓಡಬೇಕು.

ಬೇರೆ ಅಡಚಣೆಗಳೂ ಇವೆ. ಮೈದಾನ ಸೈನ್ಯದ ಆಡಳಿತದಲ್ಲಿರುವ ನೆಲ, ಅಲ್ಲಿ ಕಂಬ ನೆಡಲೂ ಅವರ ಒಪ್ಪಿಗೆ ಬೇಕು. ಜೋಕಾದಿಂದ ಎಸ್‌ಪ್ಲನೇಡಿಗೆ ಬರುತ್ತಿರುವ ಮೆಟ್ರೋ ಸುರಂಗದ ಕೆಲಸ ಮೈದಾನದ ಅಡಿಯಲ್ಲಿಯೇ ನಡೆಯುತ್ತಿದೆ. ಆ ಮೆಟ್ರೋ ಖಿದಿರ್‌ಪುರಕ್ಕೂ ಹೋಗುವಾಗ ಟ್ರಾಮ್ ಏಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೆಟ್ರೋ ನಿಲ್ದಾಣಗಳ ನಡುವಿನ ಅಂತರ ದೊಡ್ಡದು. ಅಲ್ಲಿ ಮೆಟ್ಟಿಲಿಳಿದು, ಮೆಟ್ಟಿಲು ಹತ್ತಿ, ಮತ್ತೆ ನಡೆಯಬೇಕು. ಹೇಸ್ಟಿಂಗ್ಸಿನಲ್ಲಿಯೋ ಮೈದಾನದ ಆಟದ ಬಯಲಿನ ಹತ್ತಿರವೋ ಇಳಿಯಬೇಕಾದವರಿಗೆ, ಮಂಡಿನೋವಿನ ಅಜ್ಜಿಗೆ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸಿಗೆ ನೆಲದ ಮಟ್ಟದಲ್ಲಿ ಬಂದು ನಿಲ್ಲುವ ಗಾಡಿಯೇ ಅನುಕೂಲ. ಅದರ ಟಿಕೆಟ್ಟಿನ ಬೆಲೆ ಹತ್ತು ರೂಪಾಯಿಯನ್ನೂ ಮುಟ್ಟಿರಲಿಲ್ಲ. 1953ರಲ್ಲಿ ಎರಡನೇ ದರ್ಜೆಯ ದರವನ್ನು ಒಂದೇ ಒಂದು ಪೈಸೆ ಏರಿಸಿದ್ದಕ್ಕೆ ಕಲ್ಕತ್ತೆಯ ಜನ ಬೀದಿಗಿಳಿದು, ಏರಿಕೆಯನ್ನು ಹಿಂದಕ್ಕೆ ತೆಗೆಸಿದ್ದರು. ಟ್ರಾಮು ಯಾರ ವಾಹನ ಎಂಬುದನ್ನು ಆ ಚಳವಳಿ ಚೆನ್ನಾಗಿ ತೋರಿಸುತ್ತದೆ.

ಆದ್ದರಿಂದಲೇ ಪಾರಂಪರಿಕ ಸವಾರಿಯ ಯೋಜನೆಯನ್ನು ಕೇಳಿದಾಗ ನನಗೆ ಸಮಾಧಾನಕ್ಕಿಂತ ಆತಂಕವೇ ಹೆಚ್ಚಾಯಿತು. ಬಣ್ಣ ಬಳಿದ ಒಂದೆರಡು ಗಾಡಿಗಳು ಸಂಜೆ ಪ್ರವಾಸಿಗರನ್ನು ಕೂರಿಸಿಕೊಂಡು ಹುಲ್ಲಿನ ಸುತ್ತ ಒಂದು ಸುತ್ತು ಹಾಕಿ ಬರುವುದು ನೋಡಲು ಚೆಂದ. ಪ್ರವಾಸಿಗರು ಬಾರದ ತಿಂಗಳು ಅದು ನಷ್ಟದ ಬಾಬಾಗುತ್ತದೆ, ನಷ್ಟದ ಬಾಬನ್ನು ಮುಚ್ಚಲು ಚಂಡಮಾರುತವೂ ಬೇಕಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುವ ಗಾಡಿಯನ್ನು ನಂಬಿ ಜನ ತಮ್ಮ ದಿನವನ್ನು ಹೊಂದಿಸಿಕೊಳ್ಳುತ್ತಾರೆ; ಹಾಗೆ ಹೊಂದಿಸಿಕೊಂಡವರು ಸಾವಿರಾರು ಮಂದಿ ಇದ್ದಾಗ ಮಾತ್ರ ಹರಿದ ತಂತಿಯನ್ನು ಮಾರನೆಯ ವಾರವೇ ಕಟ್ಟಲಾಗುತ್ತದೆ. ಮೈದಾನದ ತುಂಡಿನಲ್ಲಿ ಗಾಡಿ ಬಿಡುವುದೇ ಆದರೆ ಅದನ್ನು ಅರ್ಧದಾರಿಯಲ್ಲಿ ತಿರುಗಿಸದೆ ಖಿದಿರ್‌ಪುರದವರೆಗೂ ಒಯ್ಯಬೇಕು, ಬಂದರಿನ ಬೆಳಗಿನ ಪಾಳಿಗೆ ಹೋಗುವವರಿಗೆ ಸಿಗುವಂತೆ ಮೊದಲ ಗಾಡಿಯ ಹೊತ್ತನ್ನು ಗೊತ್ತುಮಾಡಬೇಕು, ಆ ವೇಳಾಪಟ್ಟಿಯನ್ನು ಎಸ್‌ಪ್ಲನೇಡಿನ ಟ್ರಾಮ್ ನಿಲ್ದಾಣದ ಗೋಡೆಯ ಮೇಲೆ ಬರೆಸಬೇಕು.

ನಮಸ್ಕಾರ.